ಬೆಂಗೇರಿ ಖಾದಿ ಧ್ವಜ: ಅರ್ಧಕ್ಕೆ ಇಳಿಸುವ ದಿನ ಹೇಗೆ?

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹೊಲಿಯುವ ರಾಷ್ಟ್ರಧ್ವಜದ ಗುಣಮಟ್ಟಕ್ಕೆ ಹೆಸರಿಡುವಂತಿಲ್ಲ. 2006ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ ಇದೆ, 3:2ರ ಅಳತೆ ಕರಾರುವಾಕ್ಕು, 24 ಕಡ್ಡಿಗಳ ಚಕ್ರ ಎರಡೂ ಬದಿಗೆ ಸರಿಯಾಗಿ ಕೂತಿರುತ್ತದೆ. ಆಗಸ್ಟ್ 15ಕ್ಕೆ ಯಾವ ಧ್ವಜವಾದರೂ ಹೇಗೋ ಹಾರೀತು. ಶೋಕಾಚರಣೆಗೆ ಅರ್ಧಕ್ಕೆ ಇಳಿಸುವ ದಿನ ಮಾತ್ರ ಸೈಜು, ಹಗ್ಗ, ಗಂಟು ಎಲ್ಲದರ ಬಂಡವಾಳ ಬಯಲಾಗುತ್ತದೆ.

ಮೊದಲು ಸೈಜು. ಶಾಲೆ, ಪಂಚಾಯ್ತಿಯವರು ದೊಡ್ಡದಿರಲಿ ಎಂದು 1800×1200 ಮಿ.ಮೀ. (ಸುಮಾರು 6×4 ಅಡಿ) ತರುತ್ತಾರೆ. ಕಂಬ 20 ಅಡಿಯದಾದರೆ ಅರ್ಧ ಎಂದರೆ 10 ಅಡಿ. ಧ್ವಜದ ಕೆಳಗಿನ ಕಟ್ಟು 6 ಅಡಿಗೆ ಬರುತ್ತದೆ. ಗಾಳಿ ನಿಂತಿತೋ, 6 ಅಡಿ ಉದ್ದದ ಬಟ್ಟೆ ಜೋತುಬಿದ್ದು ಅದರ ತುದಿ ನೆಲ ಸವರುತ್ತದೆ. ಅದು ನಿಯಮಕ್ಕೆ ವಿರುದ್ಧ. 1350×900 ಕೊಂಡರೆ ನೆಲಕ್ಕೆ ಇನ್ನೂ ಎರಡೂವರೆ ಅಡಿ ಉಳಿಯುತ್ತದೆ. ಕಂಬದ ಬುಡದಲ್ಲಿ ಕಟ್ಟೆಯೋ ಕ್ರೋಟನ್ ಗಿಡಗಳೋ ಇದ್ದರೆ 900×600 ಸಾಕು.

ಖಾದಿ ಧ್ವಜದ ಪಟ್ಟಿಯೊಳಗೇ ಹಗ್ಗ ಪೋಣಿಸಿರುತ್ತದೆ, ಮೇಲೂ ಕೆಳಗೂ ಕಟ್ಟಬಹುದು. ಬಹಳ ಕಡೆ ಮೇಲಿನ ತುದಿಯನ್ನಷ್ಟೇ ಕಟ್ಟಿ ಏರಿಸುತ್ತಾರೆ. ಏರುತ್ತದೆ, ಇಳಿಯುವುದಿಲ್ಲ, ಕೆಳಕ್ಕೆ ಎಳೆಯಲು ಹಗ್ಗವೇ ಇರುವುದಿಲ್ಲ, ಏಣಿ ತರಬೇಕು. 20 ಅಡಿ ಕಂಬಕ್ಕೆ 45 ಅಡಿ ಹಗ್ಗ ತಂದು, ರಾಟೆಯಲ್ಲಿ ಹಾಯಿಸಿ, ಎರಡು ತುದಿಗೂ ಕಟ್ಟಿ. ನುಣುಪು ನೈಲಾನ್ ಬೇಡ, ಗಾಳಿಯ ಜಗ್ಗಾಟಕ್ಕೆ ಜಾರುತ್ತದೆ. ಒಮ್ಮೆ ಅರ್ಧಕ್ಕೆ ನಿಲ್ಲಿಸಿ, ಕೊಕ್ಕೆಗೆ ಸುತ್ತುವ ಜಾಗದಲ್ಲಿ ಹಗ್ಗಕ್ಕೆ ಬಣ್ಣದ ದಾರ ಬಿಗಿದಿಟ್ಟರೆ ಆ ದಿನ ಕಣ್ಣಂದಾಜು ಬೇಕಿಲ್ಲ.

ಧ್ವಜ ಸಂಹಿತೆಯ 2021ರ ಡಿಸೆಂಬರ್ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿದೆ. ಹಗುರ, ಬೇಗ ಒಣಗುತ್ತದೆ. ಆದರೆ ಅಂಗಡಿಗಳಲ್ಲಿ ಸಿಗುವ ಬಹುಪಾಲು ಕೋಲು ತೂರಿಸುವ ಮಾದರಿಯವು. ಅವನ್ನು ಅರ್ಧಕ್ಕೆ ಇಳಿಸುವ ಮಾತೇ ಇಲ್ಲ.

ನೇರವಾಗಿ ಅರ್ಧಕ್ಕೇ ಕಟ್ಟಿಬಿಡುವುದು ಎಲ್ಲೆಡೆ ಕಾಣುವ ತಪ್ಪು. ಮೊದಲು ತುದಿಯವರೆಗೆ ಏರಿಸಿ, ಕ್ಷಣ ನಿಲ್ಲಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ತೆಗೆಯುವ ಮುನ್ನವೂ ಮತ್ತೆ ತುದಿ ಮುಟ್ಟಿಸಬೇಕು. ಹೂವಿನ ಪಕಳೆ ಕಟ್ಟುವ ಜಾರುಗಂಟಂತೂ ಬೇಡವೇ ಬೇಡ.

ಮನಸ್ಸಿಗೆ ಬಂದಾಗ ಇಳಿಸುವಂತಿಲ್ಲ, ಸರ್ಕಾರದ ಆದೇಶ ಬೇಕು. ಮೋರ್ಬಿ ಸೇತುವೆ ದುರಂತದ ಬಳಿಕ 2022ರ ನವೆಂಬರ್ 2ರಂದು ಗುಜರಾತಿನಲ್ಲಿ ಇಳಿಸಿದ್ದೂ ರಾಜ್ಯ ಸರ್ಕಾರ ಘೋಷಿಸಿದ ಶೋಕಾಚರಣೆಯಂತೆಯೇ.

ಖಾದಿಯ ನಿಜವಾದ ತೊಂದರೆ ಮಳೆಗಾಲದ್ದು. ನೆನೆದರೆ ಭಾರವಾಗಿ ಕಂಬಕ್ಕೆ ಅಂಟಿಕೊಳ್ಳುತ್ತದೆ, ಬಿಚ್ಚಿಕೊಳ್ಳಲು ಜೋರು ಗಾಳಿಯೇ ಬೇಕು. ಒದ್ದೆಯಲ್ಲೇ ಮಡಚಿಟ್ಟರೆ ಬಿಳಿ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ; ನೆರಳಲ್ಲಿ ಪೂರ್ತಿ ಒಣಗಿಸಿಯೇ ಎತ್ತಿಡಿ.