21 ದಿನದಲ್ಲಿ 7 ಕೆಜಿ ಅಂದವರನ್ನು ನಂಬಿ ನನಗಾದದ್ದು

ಜಯನಗರದ ಕಡೆ ಬೆಳಿಗ್ಗೆ ವಾಕಿಂಗ್ ಹೋಗುವವರು ಇವರನ್ನು ನೋಡಿರುತ್ತೀರಿ. ಪಾರ್ಕಿನ ಗೇಟಿನ ಹತ್ತಿರ ಒಂದು ಮೇಜು, ತೂಕದ ಯಂತ್ರ, ‘ಉಚಿತ ಬಾಡಿ ಚೆಕಪ್’ ಅಂತ ಬೋರ್ಡು. ಹೋದ ವರ್ಷ ನಾನೂ ಆ ಯಂತ್ರ ಹತ್ತಿದೆ. 74 ಕೆಜಿ ತೋರಿಸಿತು. "21 ದಿನದಲ್ಲಿ 7 ಕೆಜಿ ಇಳಿಸಿಕೊಡ್ತೀವಿ ಮೇಡಂ" ಅಂದರು. 11,000 ರೂಪಾಯಿ ಕೊಟ್ಟೆ. ಬಿಲ್ ಕೇಳಿದರೆ ವಾಟ್ಸಾಪಿಗೆ ಕಳಿಸ್ತೀವಿ ಅಂದವರು ಇವತ್ತಿನವರೆಗೂ ಕಳಿಸಿಲ್ಲ.

ಬೆಳಿಗ್ಗೆ, ರಾತ್ರಿ ನೀರಿಗೆ ಅವರ ಪುಡಿ. ಮಧ್ಯಾಹ್ನ ಸೌತೆಕಾಯಿ, ಬೇಯಿಸಿದ ತರಕಾರಿ. ಅನ್ನ, ಮುದ್ದೆ ಮುಟ್ಟಬಾರದು, ಎಣ್ಣೆ ಒಂದು ತೊಟ್ಟೂ ಬೇಡ. "ಪುಡಿ ನೀರು ಕುಡ್ಕೊಂಡು ಎಷ್ಟು ದಿನ ಇರ್ತೀಯೇ?" ಅಂತ ಅಮ್ಮ ದಿನಾ ಕೇಳುತ್ತಿದ್ದರು.

ಮೊದಲ ವಾರವೇ 3 ಕೆಜಿ ಇಳಿಯಿತು. ಅಲ್ಲೇ ಎಲ್ಲರೂ ನಂಬಿಬಿಡುವುದು. ಅದರಲ್ಲಿ ಕೊಬ್ಬು ಸ್ವಲ್ಪವೇ. ಲಿವರ್ ಮತ್ತು ಮಾಂಸಖಂಡಗಳಲ್ಲಿ ದೇಹ ಒಂದಷ್ಟು ಸಕ್ಕರೆ ಕೂಡಿಟ್ಟಿರುತ್ತದೆ. ಅದರ ಜೊತೆ ಸುಮಾರು ಮೂರು ಪಟ್ಟು ನೀರೂ ಇರುತ್ತದೆ. ಅನ್ನ, ಮುದ್ದೆ ಬಿಟ್ಟರೆ ಆ ಸಕ್ಕರೆ ಖರ್ಚಾಗಿ ನೀರು ಮೂತ್ರದಲ್ಲಿ ಹೋಗುತ್ತದೆ, ಅಷ್ಟೇ. ಮತ್ತೆ ಊಟ ಮಾಡಿದರೆ ಅಷ್ಟೇ ಬೇಗ ವಾಪಸ್ ಬರುತ್ತದೆ.

ಮೂರನೇ ವಾರ ಬನಶಂಕರಿ ಬಸ್ಸಿನಲ್ಲಿ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ಕುಸಿದೆ. ಫೋನ್ ಮಾಡಿದರೆ, "ದೇಹದ ವಿಷ ಹೊರಗೆ ಹೋಗ್ತಿದೆ, ನಿಲ್ಲಿಸಬೇಡಿ" ಅಂದರು. ಯಾರಾದರೂ ಈ ಮಾತು ಹೇಳಿದರೆ ದಯವಿಟ್ಟು ಆವತ್ತೇ ಬಿಟ್ಟುಬಿಡಿ. ನಾನು ಬಿಡಲಿಲ್ಲ, ಮತ್ತೆ ದುಡ್ಡು ಕಟ್ಟಿ ಮುಂದುವರಿಸಿದೆ. ಮೂರನೇ ತಿಂಗಳು ತಲೆಗೆ ಸ್ನಾನ ಮಾಡಿದರೆ ಬಚ್ಚಲಿನ ಜಾಲರಿ ಮುಚ್ಚುವಷ್ಟು ಕೂದಲು. ಆಮೇಲೊಂದು ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ಶುರುವಾದ ನೋವು ಭುಜದವರೆಗೂ ಹೋಯಿತು. ಕೂರಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ.

ಸ್ಕ್ಯಾನ್ ನೋಡಿದ ಡಾಕ್ಟರ್ ಮೊದಲು ಕೇಳಿದ್ದೇ, "ಏನಮ್ಮಾ, ಡಯಟ್ ಏನಾದ್ರೂ ಮಾಡ್ತಿದ್ರಾ?" ಪಿತ್ತಕೋಶದಲ್ಲಿ ಕಲ್ಲು. ತೂಕ ಜೋರಾಗಿ ಇಳಿದಾಗ ಲಿವರ್ ಪಿತ್ತರಸಕ್ಕೆ ಕೊಲೆಸ್ಟರಾಲ್ ಜಾಸ್ತಿ ಬಿಡುತ್ತದೆಯಂತೆ. ಊಟದಲ್ಲಿ ಎಣ್ಣೆ, ತುಪ್ಪ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುವುದೂ ಇಲ್ಲ. ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ.

ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ಇನ್ನೊಂದು ಮಾತು. ಡಾಕ್ಟರನ್ನು ಕೇಳದೆ ಊಟ ಬಿಟ್ಟರೆ ಶುಗರ್ ದಿಢೀರ್ ಇಳಿದು ಪ್ರಾಣಕ್ಕೇ ಅಪಾಯ ಆಗಬಹುದು. ಮೇಜಿನ ಹಿಂದೆ ಕೂತವರು ನನ್ನನ್ನು ಒಂದು ಸಲವೂ ಏನು ಮಾತ್ರೆ ತಗೊಳ್ತೀರಿ ಅಂತ ಕೇಳಿರಲಿಲ್ಲ.

ಪುಡಿ ಬಿಟ್ಟ ಐದು ತಿಂಗಳಲ್ಲಿ ಇಳಿದದ್ದೆಲ್ಲ ವಾಪಸ್ ಬಂತು. ಈಗ ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಳಿಸುವ ಆಸೆಯೇ ಬೇಡ ಅಂತ ಡಾಕ್ಟರ್ ಅಂದಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಆಹಾರ ಮಾರ್ಗಸೂಚಿ ಹೇಳುವುದೂ ಅದನ್ನೇ. ಎರಡು ಮುದ್ದೆಯ ಜಾಗದಲ್ಲಿ ಒಂದು, ಜೊತೆಗೆ ಎರಡು ಸೌಟು ಜಾಸ್ತಿ ಸೊಪ್ಪಿನ ಸಾರು ಅಥವಾ ಹುರುಳಿ ಸಾರು. ಕಾಫಿಗೆ ಸಕ್ಕರೆ ಅರ್ಧ ಚಮಚ. ರಾತ್ರಿ ಊಟ ಎಂಟಕ್ಕೆ ಮುಗಿಯುತ್ತದೆ. ನಡಿಗೆ ದಿನಾ 40 ನಿಮಿಷ. ನಾಲ್ಕು ತಿಂಗಳಲ್ಲಿ 3 ಕೆಜಿ ಇಳಿದಿದೆ, ಹಸಿವಿನಿಂದ ಒಂದು ರಾತ್ರಿಯೂ ಎದ್ದಿಲ್ಲ.

ಮೊನ್ನೆ ಭಾನುವಾರವೂ ಆ ಮೇಜು ಅಲ್ಲೇ ಇತ್ತು. ಪುಟ್ಟ ಮಗು ಎತ್ತಿಕೊಂಡ ಒಬ್ಬ ಹುಡುಗಿ ಯಂತ್ರ ಹತ್ತುವುದಕ್ಕೆ ಚಪ್ಪಲಿ ಬಿಡುತ್ತಿದ್ದಳು. ಇನ್ನೂ ಹಾಲು ಕುಡಿಸ್ತಿದ್ದೀನಿ ಅಕ್ಕ ಅಂದಳು. ಪಕ್ಕಕ್ಕೆ ಕರೆದು ಫೋನಿನಲ್ಲಿದ್ದ ನನ್ನ ಸ್ಕ್ಯಾನ್ ರಿಪೋರ್ಟ್ ತೋರಿಸಿದೆ.