ಟೇಪಿನ ಫೋಟೋ ನೋಡಿ ಪೈಲಿಂಗ್ ದುಡ್ಡು ಕೊಡಬೇಡಿ

ನಿನ್ನೆ ರಾತ್ರಿ ಹೊಸನಗರದಿಂದ ನಮ್ಮ ಭಾವ ಒಂದು ಫೋಟೋ ಕಳಿಸಿದರು. ಅವರೂ ಮನೆ ಹಿಂದೆ ಎರಡು ರೂಮು ಕಟ್ಟಿಸುತ್ತಿದ್ದಾರೆ. "ಪೈಲ್ 22 ಅಡಿ ಇಳಿಯಿತಂತೆ, ನೀನು ಮಾಡಿಸಿದವನಲ್ಲವಾ, ಸರಿ ಇದೆಯಾ ನೋಡು" ಅಂತ ಕೇಳಿದ್ದರು. ಪೈಲ್ ಅಂದರೆ ಗಟ್ಟಿ ನೆಲ ಸಿಗುವವರೆಗೆ ಗುಂಡಿ ಕೊರೆದು, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬಿದ ಕಂಬ, ಮನೆ ಅದರ ಮೇಲೆ ಕೂರುತ್ತೆ. ಫೋಟೋ ತೆರೆದೆ. ಗುಂಡಿಯ ಬಾಯಿ, ಹಳದಿ ಟೇಪು, ಟೇಪು ಹಿಡಿದ ಕೈ, ಮಣಿಕಟ್ಟಿಗೆ ಕೆಂಪು ದಾರ. ಪಕ್ಕದಲ್ಲಿ ಕಿವಿ ಮುರಿದ ನೀಲಿ ಬಕೆಟ್.

ಆ ಬಕೆಟ್ ನಮ್ಮ ಮನೆಯದು!

ಮಾರ್ಚ್‌ನಲ್ಲಿ ನಮ್ಮಲ್ಲಿ ಪೈಲ್ ಹಾಕಿದ ಕಂಟ್ರಾಕ್ಟರು ಆಗ ನನಗೆ ಕಳಿಸಿದ ಫೋಟೋವನ್ನೇ ಈಗ ನಮ್ಮ ಭಾವನಿಗೆ ಕಳಿಸಿದ್ದಾನೆ. ಇಷ್ಟು ದಿನ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ. ಹೆಸರು ಹಾಕುವುದಿಲ್ಲ, ಅವನ ಜೊತೆ ಲೆಕ್ಕ ಇನ್ನೂ ಮುಗಿದಿಲ್ಲ. ಆದರೆ ನಡೆದದ್ದು ಪೂರ್ತಿ ಹೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಹಳೆ ಮನೆ ಜಂಬಿಟ್ಟಿಗೆ ನೆಲದ ಮೇಲೆ ಕೂತಿದೆ, ಒಂದು ಬಿರುಕಿಲ್ಲ. ಹಿಂದಿನ ಜಾಗ ಮಾತ್ರ ಮೊದಲು ಗದ್ದೆ. ಅಪ್ಪ ಇದ್ದಾಗ ಮಣ್ಣು ಹೊಡೆಸಿ ಎತ್ತರ ಮಾಡಿದ್ದು. ಅಲ್ಲಿ ಸುಮ್ನೆ ಕಲ್ಲು ಕಟ್ಟಿ ಪಂಚಾಂಗ, ಅಂದರೆ ಅಡಿಪಾಯ, ಹಾಕಿದರೆ ಹೊಸದು ಕೆಳಗೆ ಕೂರುತ್ತೆ, ಹಳೆಯದು ಇದ್ದಲ್ಲೇ ಇರುತ್ತೆ, ಎರಡೂ ಸೇರುವ ಕಡೆ ಗೋಡೆ ಬಿರಿಯುತ್ತೆ. ಅದಕ್ಕೇ ಪೈಲ್ ಹಾಕಿಸಲು ಒಪ್ಪಿದೆ. ಪೈಲ್ ಹಾಕಿಸಿದ್ದು ತಪ್ಪು ಅಂತ ಈಗಲೂ ಹೇಳಲ್ಲ. ಹಾಕಿಸಿದ ರೀತಿ ತಪ್ಪು.

ಕಂಟ್ರಾಕ್ಟರು ಶಿವಮೊಗ್ಗ ಕಡೆಯವನು. ಬಂದ, ಜಾಗ ನೋಡಿದ, ಕಾಲಲ್ಲಿ ಎರಡು ಸಲ ನೆಲ ಒದ್ದ. "14 ಪೈಲ್ ಬೇಕು ಮೇಷ್ಟ್ರೇ. 12 ಅಡಿ ಇಳಿದರೆ ಸಾಕು. ಅಡಿಗೆ 450, ಸಿಮೆಂಟು ಕಬ್ಬಿಣ ಎಲ್ಲಾ ನಮ್ಮದೇ" ಅಂದ. 14 ಇಂಟು 12, ಇಂಟು 450. 75,600 ರೂಪಾಯಿ. ರಾಶಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ಸಾಯಿಲ್ ಟೆಸ್ಟ್ ಮಾಡಿಸೋಣವಾ ಅಂತ ಕೇಳಿದೆ, ಸುಳ್ಳಲ್ಲ, ಕೇಳಿದೆ. "ಎರಡು ರೂಮಿಗೆ ಸಾಯಿಲ್ ಟೆಸ್ಟಾ? ಡ್ಯಾಮ್ ಕಟ್ತೀರಾ ಮೇಷ್ಟ್ರೇ?" ಅಂತ ನಕ್ಕ. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ನನಗೇ ನಾಚಿಕೆ.

ಒಂದು ಚೀಟಿಯಲ್ಲಿ ಅಡಿಗೆ ಇಷ್ಟು ಅಂತ ಬರೆದುಕೊಟ್ಟ. ಎಷ್ಟು ಅಡಿ ಅಂತ ಬರೆಯಲಿಲ್ಲ. ಗಮನಿಸಿ, ಎಷ್ಟು ಅಡಿ ಅಂತ ಬರೆಯಲಿಲ್ಲ.

ಕೆಲಸ ಶುರುವಾದಾಗ ನನಗೆ ಪರೀಕ್ಷೆ ಡ್ಯೂಟಿ. ಮನೆಯಲ್ಲಿ ಅಮ್ಮ ಒಬ್ಬರೇ. ಮೊದಲ ದಿನ ಮಧ್ಯಾಹ್ನ ಫೋನ್ ಬಂತು. "ಮೇಷ್ಟ್ರೇ, 12 ಅಡಿಗೆ ಗಟ್ಟಿ ಸಿಗಲಿಲ್ಲ. ಶೇಡಿ ಮಣ್ಣು ಬರ್ತಾ ಇದೆ. ಇನ್ನೂ ಇಳಿಸಬೇಕು. ಬಿಟ್ಟರೆ ನನ್ನನ್ನ ಬೈಬೇಡಿ."

ಶೇಡಿ ಅಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿರುವ ಮಣ್ಣು. ಮೇಲೆ ಜಂಬಿಟ್ಟಿಗೆ ಗಟ್ಟಿಯಾಗಿರುತ್ತೆ, ಅದರ ಕೆಳಗೆ ಬಿಳಿ, ತಿಳಿಗೆಂಪು ನುಣ್ಣನೆ ಶೇಡಿ. ಒಣಗಿದ್ದಾಗ ಕಲ್ಲಿನ ಥರ, ನೀರು ಕುಡಿದರೆ ಬೆಣ್ಣೆ. 2019ರ ಆಗಸ್ಟ್ ಮಳೆ ನೋಡಿದವರಿಗೆ ಮಣ್ಣು ಜಾರುತ್ತೆ ಅಂದರೆ ಸಾಕು, ಬೇರೆ ಮಾತು ಬೇಕಾಗಿಲ್ಲ. "ಎಷ್ಟು ಬೇಕೋ ಅಷ್ಟು ಇಳಿಸಿ" ಅಂದೆ. ಆ ಒಂದು ಮಾತು ಅವನಿಗೆ ಬೇಕಾಗಿತ್ತು.

ಸಂಜೆ ಫೋಟೋ ಬಂತು. ಅದೇ ಟೇಪು, ಅದೇ ಬಕೆಟ್. ಗುಂಡಿಯ ಬಾಯಲ್ಲಿ ಟೇಪು 22 ತೋರಿಸುತ್ತಿತ್ತು. ತಳ ಕಾಣುತ್ತಾ? ಇಲ್ಲ. ಟೇಪು ಕೆಳಗೆ ಹತ್ತಡಿ ಸುರುಳಿ ಸುತ್ತಿಕೊಂಡು ಬಿದ್ದಿದ್ದರೂ ಬಾಯಲ್ಲಿ 22 ಅಂತಲೇ ತೋರಿಸುತ್ತೆ. ಇದು ನನಗೆ ಆಗ ಹೊಳೆಯಲಿಲ್ಲ. ಐದು ದಿನದಲ್ಲಿ 14 ಪೈಲ್ ಮುಗಿಯಿತು. ಎಲ್ಲವೂ 22 ಅಡಿ. ಒಂದು ಇಪ್ಪತ್ತಲ್ಲ, ಒಂದು ಇಪ್ಪತ್ತಮೂರಲ್ಲ. ಇಳಿಜಾರಿನ ಜಾಗ ಸ್ವಾಮಿ ನಮ್ಮದು! ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೆಲವೇ ಮೂರಡಿ ಇಳಿಯುತ್ತೆ. ಅದರಡಿಯ ಗಟ್ಟಿ ನೆಲ ಮಾತ್ರ ಹದಿನಾಲ್ಕು ಕಡೆಯೂ ಅಳತೆ ಮಾಡಿದ ಹಾಗೆ 22 ಅಡಿಗೆ ಸಿಗುತ್ತಾ? ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಉತ್ತರ ಬರೆದಿದ್ದರೆ ಕಾಪಿ ಅಂತ ನಾನೇ ಹಿಡಿಯುತ್ತಿದ್ದೆ.

ಬಿಲ್ಲು ಬಂತು. 308 ಅಡಿಗೆ 1,38,600. ಮಿಷನ್ ತಂದ ಖರ್ಚು 12,000. ಮಣ್ಣು ತೆಗೆದದ್ದಕ್ಕೆ 4,500. ಪೈಲ್ ತಲೆ, ಅಂದರೆ ಮೇಲ್ತುದಿ, ಒಡೆದದ್ದಕ್ಕೆ ಒಂದಕ್ಕೆ 300ರಂತೆ 4,200. ಒಟ್ಟು 1,59,300. ಪೈಲ್ ತಲೆ ಮೇಲೆ ಕೂರುವ ಕಾಂಕ್ರೀಟ್ ಕ್ಯಾಪು, ಗೋಡೆ ಹೊರುವ ಪ್ಲಿಂತ್ ಬೀಮು ಇದರಲ್ಲಿ ಇಲ್ಲವಾ ಅಂದರೆ, "ಪೈಲ್ ಅಂದ್ರೆ ಪೈಲ್ ಮಾತ್ರ ಮೇಷ್ಟ್ರೇ, ಅದು ಮೇಸ್ತ್ರಿ ಕೆಲಸ." ಮೇಸ್ತ್ರಿ ಅದಕ್ಕೆ 90 ಸಾವಿರ ಹೇಳಿದರು. ನಾನು ಪಂಚಾಂಗ ಪೂರ್ತಿ ಒಂದು ಲಕ್ಷದೊಳಗೆ ಮುಗಿಯುತ್ತೆ ಅಂತ ಕೂತಿದ್ದೆ. ಆದರೂ, ಅಷ್ಟು ಹೊತ್ತಿಗೆ ಮೂರು ಕಂತಿನಲ್ಲಿ 1,40,000 ಕೊಟ್ಟಾಗಿತ್ತು.

ಮೋಸ ಸಿಕ್ಕಿದ್ದು ನನಗಲ್ಲ, ಅಮ್ಮನಿಗೆ. ಅವರು ದರಗು ತುಂಬಲು ಖಾಲಿ ಸಿಮೆಂಟ್ ಚೀಲ ಎತ್ತಿಡುತ್ತಾರೆ. ಒಂದು ಚೀಲ ಹೊರಗೆ ಹೋಗಲು ಬಿಡಲ್ಲ, ದಿನಾ ಸಂಜೆ ತೊಳೆದು ಎಣಿಸಿ ಅಟ್ಟಕ್ಕೆ ಹಾಕಿದ್ದರು. "ಅಲ್ಲ ಮಾರಾಯ, ಅಷ್ಟು ದುಡ್ಡು ಕೊಟ್ಟೆ, ಚೀಲ ಬರೀ 33 ಸಿಕ್ಕಿತು" ಅಂದರು ಒಂದು ರಾತ್ರಿ ಊಟ ಬಡಿಸುತ್ತಾ.

ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ನಗಬೇಡಿ. ಸಿಲಿಂಡರಿನ ಘನಫಲ 10ನೇ ಕ್ಲಾಸಿಗೆ ವರ್ಷ ವರ್ಷ ಹೇಳಿಕೊಡುವವನು. ಕೈ ತೊಳೆದು ಲೆಕ್ಕ ಹಾಕಿದೆ. ಪೈಲ್ ಒಂದಡಿ ಅಗಲ. 22 ಅಡಿಗೆ ಸುಮಾರು 17 ಘನ ಅಡಿ ಕಾಂಕ್ರೀಟು. ಹದಿನಾಲ್ಕಕ್ಕೆ 242. ಎಂ20 ಅನ್ನುವ ದರ್ಜೆಯ ಕಾಂಕ್ರೀಟಿಗೆ 35 ಘನ ಅಡಿಗೆ ಹತ್ತಿರ ಹತ್ತಿರ 8 ಚೀಲ ಬೇಕು. ಅಂದರೆ 55 ಚೀಲ. ಅದೇ 12 ಅಡಿ ಅಂತ ಹಾಕಿ ನೋಡಿದೆ. 30 ಚೀಲ. ಚೆಲ್ಲಿದ್ದು ಗಿಲ್ಲಿದ್ದು ಸೇರಿದರೆ ಸರಿಯಾಗಿ ಅಮ್ಮನ 33.

ಎದ್ದು ಕಬ್ಬಿಣದ ಚೀಟಿ ಹುಡುಕಿದೆ. ಅಂಗಡಿಯ ಟೆಂಪೋದವನು ಇಳಿಸಿಹೋದಾಗ ಅಮ್ಮ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. 12 ಎಂಎಂ, 28 ರಾಡು. ಒಂದು ರಾಡು 40 ಅಡಿ. ಪೈಲಿಗೆ ಆರರಂತೆ 84 ತುಂಡು ಬೇಕು. 28 ರಾಡಿಗೆ ಮೂರು ಮೂರು ತುಂಡು ಮಾಡಿದರೆ 84! ಒಂದು ತುಂಡು 13 ಅಡಿ ಚಿಲ್ಲರೆ. 12 ಅಡಿ ಗುಂಡಿಯೊಳಗೆ, ಒಂದಡಿ ಮೇಲೆ. 22 ಅಡಿ ಪೈಲಿಗೆ ಕಡಿಮೆ ಅಂದರೂ 47 ರಾಡು ಬೇಕಿತ್ತು. ಮೊದಲ ದಿನ ಅವನು ಬಾಯಲ್ಲಿ ಹೇಳಿದ 12 ಅಡಿಯೇ ನಿಜ. ಉಳಿದ 140 ಅಡಿ, 63,000 ರೂಪಾಯಿ, ಬರೀ ಗಾಳಿ.

ಬೆಳಿಗ್ಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

ಸಿಮೆಂಟು? "ಸ್ವಲ್ಪ ಚೀಲ ನಮ್ಮ ಹುಡುಗರು ತಗೊಂಡು ಹೋಗಿರ್ತಾರೆ, ಖಾಲಿ ಚೀಲಕ್ಕೂ ಲೆಕ್ಕ ಕೇಳ್ತೀರಾ?"

ಕಬ್ಬಿಣ? "ಕೆಳಗಡೆ ಕಬ್ಬಿಣ ಬೇಡ, ಬರೀ ಕಾಂಕ್ರೀಟ್ ಸಾಕು." ಆಮೇಲೆ ಒಬ್ಬ ಇಂಜಿನಿಯರ್ ಹತ್ತಿರ ಕೇಳಿದೆ. ಪೈಲಿಗೆ ಕಬ್ಬಿಣ ತುದಿಯವರೆಗೂ ಇರಬೇಕು ಅಂದರು.

ಎಲ್ಲವೂ 22 ಹೇಗೆ? "ಭೂಮಿ ಒಳಗಿನ ವಿಷಯ ನನ್ನ ಕೇಳಿದ್ರೆ?"

ಕೊನೆಗೆ ನಾನು ಜೋರು ಮಾಡಿದಾಗ, ಒಂಚೂರೂ ಸಿಟ್ಟಿಲ್ಲದೆ, ಮಗುವಿಗೆ ಹೇಳುವ ಹಾಗೆ: "ನಂಬಿಕೆ ಇಲ್ಲ ಅಂದ್ರೆ ಅಗೆದು ನೋಡಿ ಮೇಷ್ಟ್ರೇ."

ಅಗೆದು ನೋಡಿ! ಕಾಂಕ್ರೀಟು ಹಾಕಿ ಮುಚ್ಚಿದ ಗುಂಡಿ, ಅಗೆದು ನೋಡಿ. ಆವತ್ತು ಸ್ಕೂಲಿನಲ್ಲಿ ಪಾಠ ಮಾಡಲು ಆಗಲಿಲ್ಲ.

ಅಗೆಯದೇ ನೋಡುವ ದಾರಿ ಇದೆ ಅಂತ ಆ ಇಂಜಿನಿಯರೇ ಹೇಳಿದರು. ಪೈಲಿನ ತಲೆಗೆ ಸೆನ್ಸರ್ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಸದ್ದು ತಳ ಮುಟ್ಟಿ ವಾಪಸ್ ಬರುವ ಹೊತ್ತು ನೋಡಿ ಉದ್ದ ಅಂದಾಜು ಮಾಡುತ್ತಾರೆ. ತಲೆ ಹೊರಗೆ ಕಾಣುತ್ತಿರಬೇಕು, ಮೇಲೆ ಕ್ಯಾಪು ಹಾಕಿದರೆ ಕಷ್ಟ. ನಾನು ಅವನಿಗೆ ಇಷ್ಟೇ ವಾಯ್ಸ್ ಮೆಸೇಜ್ ಕಳಿಸಿದೆ: ಸುತ್ತಿಗೆ ಟೆಸ್ಟ್ ಮಾಡಿಸ್ತೀನಿ. ಎರಡು ದಿನದಿಂದ ಫೋನ್ ಎತ್ತದವನು ಹತ್ತು ನಿಮಿಷದಲ್ಲಿ ಮಾಡಿದ. "ಯಾಕೆ ಮೇಷ್ಟ್ರೇ ಇಲ್ಲದ ಖರ್ಚು? ಬಾಕಿ 19,300 ಬಿಟ್ಟುಬಿಡಿ, ನಮ್ಮ ನಿಮ್ಮಲ್ಲಿ ಏನು ಲೆಕ್ಕ?" 22 ಅಡಿ ನಿಜವಾಗಿ ಇಳಿಸಿದವನು ದುಡ್ಡು ಬಿಡುತ್ತಾನಾ ಹೇಳಿ.

ದುಡ್ಡಿಗಿಂತ ಜಾಸ್ತಿ ಕೊರೆಯುತ್ತಿರುವುದು ಬೇರೆ. 12 ಅಡಿಗೆ ಗಟ್ಟಿ ನೆಲ ಇತ್ತಾ, ಅಥವಾ ಶೇಡಿಯ ಮೇಲೇ ನಿಲ್ಲಿಸಿ ಹೋದನಾ? ಸಾಯಿಲ್ ಟೆಸ್ಟ್ ಮಾಡಿಸಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಬೋರ್ ತೆಗೆದು 63.5 ಕೆಜಿ ಸುತ್ತಿಗೆಯನ್ನು 75 ಸೆಂಟಿಮೀಟರ್ ಮೇಲಿಂದ ಬೀಳಿಸುತ್ತಾರೆ, ತಳದಲ್ಲಿಟ್ಟ ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕು ಅಂತ ಎಣಿಸುತ್ತಾರೆ. ಗಟ್ಟಿ ಎಷ್ಟು ಅಡಿಗೆ ಅಂತ ಕಾಗದದ ಮೇಲೆ ಇರುತ್ತೆ. ಆಗ ಬಜೆಟ್ಟೂ ಕಾಗದದ ಮೇಲೆ ಇರುತ್ತೆ, ಅವನ ಬಾಯಲ್ಲಿ ಅಲ್ಲ.

ನೀವು ಮಾಡಿಸುವುದಾದರೆ ಅಡಿ ಲೆಕ್ಕಕ್ಕೆ ಒಪ್ಪುವ ಮೊದಲು ಎಷ್ಟು ಅಡಿ ಅಂತ ಬರೆಸಿಕೊಳ್ಳಿ, ಜಾಸ್ತಿ ಇಳಿದರೆ ನಿಮ್ಮ ಕಣ್ಣೆದುರು ಅಳೆದ ಮೇಲೇ ದುಡ್ಡು ಅಂತಲೂ ಬರೆಸಿ. ಮಿಷನ್ನು, ಮಣ್ಣು, ತಲೆ, ಕ್ಯಾಪು, ಬೀಮು, ಯಾವುದು ಯಾರ ಮೇಲೆ ಅಂತ ಕೇಳಿ. ಕಾಂಕ್ರೀಟು ಹಾಕುವ ದಿನ ರಜೆ ಹಾಕಿ. ಮದುವೆ ಇದ್ದರೂ ಹೋಗಬೇಡಿ. ಟೇಪು ನಂಬಬೇಡಿ, ದೋಟಿ ಇಳಿಸಿ. ಅಡಿಕೆ ಕೊಯ್ಯುವ ದೋಟಿ ಸುರುಳಿ ಸುತ್ತಿಕೊಳ್ಳಲ್ಲ.

ನಮ್ಮ ಪೈಲ್ ತಲೆಗಳು ಪ್ಲಾಸ್ಟಿಕ್ ಹೊದ್ದು ಕೂತಿವೆ. ಟೆಸ್ಟ್ ಮಾಡುವವರು ಬೆಂಗಳೂರಿಂದ ಬರಬೇಕು, ಮಳೆ ಹಿಡಿಯುವ ಮೊದಲು ಬರುತ್ತಾರಾ ನೋಡಬೇಕು. ರಾತ್ರಿಯೇ ಭಾವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ಮನುಷ್ಯ ಒಳ್ಳೆಯವನ ಥರ ಇದ್ದಾನಲ್ಲ ಮಾರಾಯ" ಅಂದರು. ಬಕೆಟ್ ವಿಷಯ ಹೇಳಿದ ಮೇಲೆ ಸುಮ್ಮನಾದರು. ಅವರಲ್ಲಿ ಇನ್ನೂ ಆರು ಗುಂಡಿಗೆ ಕಾಂಕ್ರೀಟು ಬಿದ್ದಿಲ್ಲವಂತೆ. ಬೆಳಿಗ್ಗೆ ಆರಕ್ಕೇ ದೋಟಿ ಹಿಡಿದು ಹೊರಟಿದ್ದಾರೆ. ಇನ್ನೂ ಫೋನ್ ಬಂದಿಲ್ಲ.