ಹಿನ್ನೀರಿನ ಬೋಟಿಗೆ ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ? ಎರಡನ್ನೂ ಇಟ್ಟುಕೊಂಡು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಬೋಟಿಗೆ ಈಗ ಇರುವುದು ಹಳೆಯ 8 ಎಚ್‌ಪಿ ಟೂ-ಸ್ಟ್ರೋಕ್ ಮೋಟಾರ್, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಓಡಿಸುವಂಥದ್ದು. ಅದಕ್ಕೂ ಮೊದಲು ಹೊಚ್ಚ ಹೊಸ 9.9 ಎಚ್‌ಪಿ ಫೋರ್-ಸ್ಟ್ರೋಕ್ ಇತ್ತು, ಅದರಲ್ಲಿ ಆಯಿಲ್ ಬೇರೆಯೇ ಇರುತ್ತದೆ. ಹೊಸದನ್ನು ಮಾರಿ ಹಳೆಯದನ್ನು ತಂದಾಗ ಮನೆಯಲ್ಲಿ ಎಲ್ಲರೂ ಬೈದರು. ಎರಡು ವರ್ಷ ಆಯ್ತು, ನನಗೆ ಇವತ್ತಿಗೂ ಅದು ಸರಿ ಅನಿಸುತ್ತದೆ.

ನಮ್ಮದು ಕೊಲ್ಹಾರದ ಹತ್ತಿರ, ಕೃಷ್ಣೆಯ ಹಿನ್ನೀರಿನ ದಂಡೆ. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿದಾಗ ನೀರು ನಮ್ಮ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ನೀರು ಎಲ್ಲೋ ದೂರ ಸರಿದುಬಿಡುತ್ತದೆ. ನಡುವೆ ಉಳಿಯುವುದು ಎರಿ ಮಣ್ಣಿನ ರಾಡಿ. ಮೋಟಾರನ್ನು ರಾತ್ರಿ ಬೋಟಿನಲ್ಲೇ ಬಿಟ್ಟು ಬರೋ ಹಾಗಿಲ್ಲ, ಕಳುವಿನ ಭಯ. ಹಾಗಾಗಿ ಪ್ರತಿ ಸಲ ಬಿಚ್ಚಬೇಕು, ಹೆಗಲ ಮೇಲೆ ಹೊರಬೇಕು. ಟೂ-ಸ್ಟ್ರೋಕ್ ಸುಮಾರು 27 ಕೆಜಿ, ನಾನೊಬ್ಬನೇ ಹೊರುತ್ತೇನೆ. ಫೋರ್-ಸ್ಟ್ರೋಕ್ 40 ಕೆಜಿ ಹತ್ತಿರ. ರಾಡಿಯಲ್ಲಿ ಮೊಣಕಾಲ ತನಕ ಹೂತಾಗ ಆ 13 ಕೆಜಿ ಏನು ಅಂತ ಗೊತ್ತಾಗುತ್ತದೆ. ಇನ್ನೊಬ್ಬರು ಜೊತೆಗೆ ಬೇಕೇ ಬೇಕು.

ಹೊರುವುದಷ್ಟೇ ಅಲ್ಲ, ಮಲಗಿಸುವುದರಲ್ಲೂ ವ್ಯತ್ಯಾಸ ಇದೆ. ಫೋರ್-ಸ್ಟ್ರೋಕಿನ ಹೊಟ್ಟೆಯಲ್ಲಿ ಎಂಜಿನ್ ಆಯಿಲ್ ಇರುತ್ತದೆ. ಯಾವ ಬದಿ ಕೆಳಗೆ ಬರಬೇಕು ಅಂತ ಕಂಪನಿಯವರೇ ಗುರುತು ಹಾಕಿರುತ್ತಾರೆ. ಒಮ್ಮೆ ಗಡಿಬಿಡಿಯಲ್ಲಿ ಟಂಟಂನಲ್ಲಿ ಮಗ್ಗಲು ತಪ್ಪಿಸಿ ಮಲಗಿಸಿದೆ. ಆಯಿಲ್ ಸಿಲಿಂಡರಿಗೆ ಇಳಿದು, ಮರುದಿನ ಪ್ಲಗ್ ಬಿಚ್ಚಿ ಒರೆಸಿ ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಯಿತು.

ಆದರೆ ನಾನು ಅದನ್ನು ಮಾರಿದ್ದು ಭಾರಕ್ಕಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಒಂದು ಸಣ್ಣ ತೂತಿಗೆ.

ನಾವು ಕಬ್ಬು ಬೆಳೆಯುವವರು. ಕಟಾವು ಶುರುವಾದರೆ ಎರಡು-ಮೂರು ತಿಂಗಳು ಬೋಟಿನ ಕಡೆ ತಿರುಗಿ ನೋಡಲೂ ಆಗುವುದಿಲ್ಲ. ಫೋರ್-ಸ್ಟ್ರೋಕ್ ತಂದ ಮೊದಲ ವರ್ಷ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು, ಮೋಟಾರನ್ನು ಹಾಗೇ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದೆ. ಕಟಾವು ಮುಗಿಸಿ ಬಂದು ಹಗ್ಗ ಎಳೆದರೆ ಚೋಕ್ ಎಳೆದಿದ್ದಾಗ ಮಾತ್ರ ಚಾಲೂ ಆಗುತ್ತದೆ. ಚೋಕ್ ಒತ್ತಿದರೆ ಬಂದ್. ಆಕ್ಸಿಲರೇಟರ್ ತಿರುವಿ ಹಿಡಿದರೆ ಓಡುತ್ತದೆ, ಬಿಟ್ಟರೆ ಬಂದ್. ಈ ಲಕ್ಷಣ ಕಂಡರೆ ಹೆಚ್ಚಾಗಿ ಪೈಲಟ್ ಜೆಟ್ ಕಟ್ಟಿಕೊಂಡಿರುತ್ತದೆ. ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ತೂತು ಅದು, ಕೂದಲೆಳೆಯಷ್ಟು ಸಣ್ಣದು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. 20 ಪರ್ಸೆಂಟ್ ಬೆರೆಸಿದ ಇ-20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, ಆಮೇಲೆ ಎಲ್ಲ ಕಡೆ ಹರಡಿತು. ಆ ಎಥೆನಾಲ್ ನಮ್ಮಂಥವರ ಕಬ್ಬಿನಿಂದಲೂ ಬರುತ್ತದೆ, ಅದಕ್ಕೆ ನಾನು ವಿರೋಧಿಯಲ್ಲ. ಆದರೆ ಎಥೆನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿತಿರುಪು ತೆರೆದಿದ್ದರೆ, ಅದೂ ನೀರಿನ ದಂಡೆಯಲ್ಲಿ, ತೇವ ಸೇರುತ್ತಲೇ ಇರುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಕೂಡಿ ತಳಕ್ಕೆ ಇಳಿಯುತ್ತವೆ. ಮೋಟಾರಿಗೆ ಹೋಗುವ ಪೈಪು ಹೀರುವುದೂ ತಳದಿಂದಲೇ. ಇತ್ತ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ. ನನ್ನದನ್ನು ಬಿಚ್ಚಿದಾಗ ಬಟ್ಟಲಿನ ತಳದಲ್ಲಿ ಬಿಳಿ ಪುಡಿಯೂ ಇತ್ತು.

ಬಿಚ್ಚಿದೆ ಅಂತ ಸುಲಭವಾಗಿ ಬರೆದೆ. ಅದಕ್ಕೂ ಮೊದಲು ಒಂದು ಭಾನುವಾರ ಹಾಗೇ ನೀರಿಗಿಳಿದಿದ್ದೆ. ಬಲೆಯ ಹತ್ತಿರ ನಿಧಾನ ಮಾಡಬೇಕು, ನಿಧಾನ ಮಾಡಿದರೆ ಮೋಟಾರ್ ಬಂದ್. ಗಾಳಿ ಬೋಟನ್ನು ಮುಳುಗಿದ ಜಾಲಿ ಕಂಟಿಗಳ ಕಡೆ ತಳ್ಳುತ್ತಿತ್ತು. ಮಗ ಜೊತೆಗಿದ್ದ. ಹುಟ್ಟು ಹಾಕಿ ದಂಡೆಗೆ ಬರಲು ಒಂದೂವರೆ ತಾಸು ಹಿಡಿಯಿತು. ಅವತ್ತು ನಿಜಕ್ಕೂ ಹೆದರಿದ್ದೆ.

ಮಾರಿದವರಿಗೆ ಫೋನ್ ಮಾಡಿದರೆ ಕರಾವಳಿಗೆ ಕಳಿಸಿ ಅಂದರು. ಕಳಿಸಿದೆ. ಮೂರು ವಾರ ಆದ ಮೇಲೆ ಬಂತು, ಚೆನ್ನಾಗಿಯೇ ಓಡಿತು. ಮುಂದಿನ ಕಟಾವಿನ ನಂತರ ಮತ್ತೆ ಅದೇ ಕತೆ. ಎರಡನೇ ಸಲ ಬಾಗಲಕೋಟೆಯ ಬೈಕ್ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಒಳ್ಳೆಯ ಕೈ ಅವರದು. ಆದರೆ ನನ್ನ ಮೋಟಾರಿನಲ್ಲಿ ಕಾರ್ಬ್ಯುರೇಟರಿಗೆ ಕೈ ಹೋಗಬೇಕಾದರೆ ನಾಲ್ಕು ಬೇರೆ ಸಾಮಾನು ಬಿಚ್ಚಬೇಕಿತ್ತು. ನಿಧಾನ ಓಟ ಹೊಂದಿಸುವ ಪೈಲಟ್ ಸ್ಕ್ರೂ ಮೇಲೆ ಕಂಪನಿಯದೇ ಮುಚ್ಚಳ ಬಡಿದಿತ್ತು, ಹೊಗೆ ನಿಯಮಕ್ಕಾಗಿ ಹಾಗೆ ಮಾಡುತ್ತಾರಂತೆ. ಅವರಿಗೆ ಪೂರ್ತಿ ಒಂದು ದಿನ ಹೋಯಿತು.

ಅದೇ ಮೆಕ್ಯಾನಿಕ್‌ಗೆ ಆಮೇಲೆ ಟೂ-ಸ್ಟ್ರೋಕ್ ತೋರಿಸಿದೆ. ಎರಡು ಬೋಲ್ಟ್ ಬಿಚ್ಚಿದರು, ಕಾರ್ಬ್ಯುರೇಟರ್ ಕೈಗೆ ಬಂತು. ಹಳೆಯ ಟೂ-ಸ್ಟ್ರೋಕ್ ಬೈಕ್ ಬಿಚ್ಚಿ ಕೂಡಿಸಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಈಗ ನಾನೇ ಮಾಡುತ್ತೇನೆ, ಅರ್ಧ ತಾಸು ಸಾಕು. ಜೆಟ್ಟಿಗೆ ಗಾಳಿ ಊದಬೇಕು, ತಂತಿ ಚುಚ್ಚಬಾರದು. ತೂತು ದೊಡ್ಡದಾದರೆ ಲೆಕ್ಕವೇ ಕೆಡುತ್ತದೆ.

ಟೂ-ಸ್ಟ್ರೋಕಿಗೂ ಈ ಪೆಟ್ರೋಲಿನ ಕಾಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಲೆಕ್ಕದಲ್ಲಿ ಜಾಸ್ತಿಯೇ ಇದೆ. ಅದರ ಆಯಿಲ್ ಇರುವುದೇ ಪೆಟ್ರೋಲಿನಲ್ಲಿ. ನೀರು ಬೇರ್ಪಟ್ಟು ತಳಕ್ಕಿಳಿದರೆ ಆ ತಳದ ಪದರಿನಲ್ಲಿ ಸರಿಯಾಗಿ ಆಯಿಲ್ ಇರುವುದಿಲ್ಲ, ಪಿಸ್ಟನ್ ಕೆರೆದುಹೋಗಬಹುದು. ಹಾಗಾಗಿ ನಾನು ಬೇಕಾದಷ್ಟೇ ಬೆರೆಸುತ್ತೇನೆ, ಲೀಟರಿಗೆ 20 ಎಂಎಲ್, ಅಂದರೆ 50ಕ್ಕೆ 1. ಉಳಿದದ್ದನ್ನು ಮುಂದಿನ ತಿಂಗಳಿಗೆ ಇಡುವುದಿಲ್ಲ. ದಂಡೆಗೆ ಬರುವ ಮುಂಚೆ ಪೈಪು ಕಿತ್ತು, ಬಟ್ಟಲು ಖಾಲಿಯಾಗಿ ತಾನೇ ನಿಲ್ಲುವ ತನಕ ಓಡಿಸುತ್ತೇನೆ. ಫೋರ್-ಸ್ಟ್ರೋಕಿಗೂ ಈ ಅಭ್ಯಾಸ ಮಾಡಿದ್ದರೆ ಅಷ್ಟು ತೊಂದರೆ ಆಗುತ್ತಿರಲಿಲ್ಲ, ನಿಜ. ಆದರೆ ಒಂದು ಸಲ ಮರೆತರೆ ಎಷ್ಟು ದಂಡ ತೆರಬೇಕು ಅನ್ನುವುದು ಮುಖ್ಯ ಅಲ್ವಾ?

ಆಯಿಲ್ ವಿಷಯ ಬಂತಲ್ಲ, ಅಂಗಡಿಯವರು ಬೈಕಿನ 2ಟಿ (ಟೂ-ಸ್ಟ್ರೋಕ್) ಆಯಿಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ನೀರಿನಲ್ಲಿ ತಣಿಯುವ ಮೋಟಾರಿಗೆ ಟಿಸಿ-ಡಬ್ಲ್ಯೂ3 ಅಂತ ಬರೆದದ್ದೇ ಬೇಕು. ಫೋರ್-ಸ್ಟ್ರೋಕಿಗೆ ಬೆರೆಸುವ ಗೋಜಿಲ್ಲ. ಮೋಟಾರ್ ಓಡಿದ ಮೊದಲ 20 ತಾಸಿಗೆ ಆಯಿಲ್ ಬದಲಿಸಿ, ಆಮೇಲೆ 100 ತಾಸಿಗೊಮ್ಮೆ ಇಲ್ಲವೇ ವರ್ಷಕ್ಕೊಮ್ಮೆ.

ಪೆಟ್ರೋಲ್ ಖರ್ಚಿನಲ್ಲಿ ಫೋರ್-ಸ್ಟ್ರೋಕ್ ಗೆಲ್ಲುತ್ತದೆ. ಅದೇ ದಾರಿ, ಅದೇ ಭಾರ, ನನಗೆ ಅದರಲ್ಲಿ ಮೂರೂವರೆ ಲೀಟರ್ ಸಾಕಾಗುತ್ತಿತ್ತು. ಇದಕ್ಕೆ ಐದು ಬೇಕು. ಸದ್ದು, ಹೊಗೆ ಎರಡೂ ಇದರದ್ದೇ ಹೆಚ್ಚು. ಬೆಳಗಿನ ಹೊತ್ತು ಹಕ್ಕಿಗಳು ಕೂತ ಕಡೆ ಹೋಗುವಾಗ ನಾನು ದೂರದಲ್ಲೇ ಬಂದ್ ಮಾಡಿ ಹುಟ್ಟು ಹಿಡಿಯುತ್ತೇನೆ.

ನೀರು ಇಳಿದ ಕಾಲದಲ್ಲಿ ಮುಳುಗಿದ ಹಳೇ ಮನೆಗಳ ಗೋಡೆ ಪ್ರೊಪೆಲ್ಲರಿಗೆ ತಾಗುತ್ತವೆ. ನನ್ನ ಟೂ-ಸ್ಟ್ರೋಕಿನಲ್ಲಿ ಪ್ರೊಪೆಲ್ಲರನ್ನು ಹಿಡಿದಿಡುವ ಶಿಯರ್ ಪಿನ್ ಅನ್ನೋ ಸಣ್ಣ ಕಡ್ಡಿ ಮುರಿಯುತ್ತದೆ, ಗೇರು ಉಳಿಯುತ್ತದೆ. ಪಿನ್ ಜೇಬಿನಲ್ಲೇ ಇರುತ್ತದೆ, ನಡುನೀರಿನಲ್ಲೇ ಹಾಕಬಹುದು. ಫೋರ್-ಸ್ಟ್ರೋಕಿನಲ್ಲಿ ಪಿನ್ನಿನ ಬದಲು ಪ್ರೊಪೆಲ್ಲರಿನೊಳಗೆ ರಬ್ಬರ್ ಬುಷ್. ಅದು ಜಾರಿದರೆ ನಡುನೀರಿನಲ್ಲಿ ರಿಪೇರಿ ಆಗುವುದಿಲ್ಲ.

ಮೋಟಾರ್ ತಣಿಸಲು ನೀರು ಎತ್ತುವ ಇಂಪೆಲ್ಲರ್ ಮಾತ್ರ ಎರಡಕ್ಕೂ ಒಂದೇ ಪಾಡು. ಮಳೆಗಾಲದ ಕೆಂಪು ನೀರಿನ ಮರಳು ಆ ರಬ್ಬರ್ ರೆಕ್ಕೆಗಳನ್ನು ತೇಯುತ್ತದೆ. ಹಿಂದೆ ಚಿಮ್ಮುವ ನೀರಿನ ಎಳೆ ಸಣ್ಣದಾದರೆ ಆ ಕ್ಷಣವೇ ಬಂದ್ ಮಾಡಬೇಕು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ಬಹಳ ಸಲ ಬಲೆಯ ದಾರ ಸುತ್ತಿಕೊಂಡು ಕೊಯ್ದಿರುತ್ತದೆ.

ದಿನಾ ನೀರಿಗಿಳಿಯುವವರಿಗೆ, ಮೋಟಾರನ್ನು ಬೋಟಿನಿಂದ ಇಳಿಸದವರಿಗೆ ನಾನೂ ಫೋರ್-ಸ್ಟ್ರೋಕನ್ನೇ ಹೇಳುತ್ತೇನೆ. ಪೆಟ್ರೋಲ್ ನಿಲ್ಲುವುದೇ ಇಲ್ಲ, ಉಳಿತಾಯವೂ ಆಗುತ್ತದೆ. ನನ್ನದನ್ನು ಕೊಂಡವರು ದಿನಾ ಬಲೆ ಹಾಕುವವರು, ಅವರ ಬಳಿ ಅದು ಒಂದು ದಿನವೂ ಕೈ ಕೊಟ್ಟಿಲ್ಲ. ನಾನು ವಾರಕ್ಕೊಮ್ಮೆ ಹೋಗುವವನು, ಕಟಾವಿನಲ್ಲಿ ಅದೂ ಇಲ್ಲ. ಮಾರಿದ ದುಡ್ಡಿನಲ್ಲಿ ಟೂ-ಸ್ಟ್ರೋಕ್ ಬಂದು, ಹೊಲಕ್ಕೆ ಒಂದು ಪಂಪ್ ಕೂಡ ಬಂತು. ಹೊಸ ಇಂಪೆಲ್ಲರ್ ತರಿಸಿಟ್ಟಿದ್ದೇನೆ, ಈ ಭಾನುವಾರ ಹಾಕಬೇಕು.